ಗಾಳಿಗೂ ರೊಕ್ಕ

ನನ್ನ ಗಂಡ ತೀರಿಹೋಗಿ ಎಂಟು ವರ್ಷವಾದ ಮೇಲೆ ನಾನು ಮತ್ತೊಂದು ಮದುವೆಯಾಗಿದ್ದೇನೆ ಎಂಬ ಸುದ್ದಿ ನನಗೆ ತಿಳಿದದ್ದು ಒಂದು ಕಚೇರಿಯ ಕಿಟಕಿಯ ಮುಂದೆ. ವಿಧವಾ ವೇತನ ಎರಡು ತಿಂಗಳಿಂದ ಬಂದಿಲ್ಲ, ಯಾಕೆ ಎಂದು ಕೇಳಲು ಹೋಗಿದ್ದೆ. ಒಳಗಿದ್ದ ಹುಡುಗ ಆಧಾರ್ ನಂಬರ್ ಒತ್ತಿ, ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿ, “ರದ್ದಾಗೇತ್ರಿ ಅಕ್ಕಾರ” ಎಂದ. ಯಾಕಪ್ಪಾ ಎಂದೆ. ಅವನು ತಲೆ ಎತ್ತಲಿಲ್ಲ. ಅವನಿಗೂ ನಾಚಿಕೆಯಾಗಿತ್ತು ಅನಿಸುತ್ತದೆ. “ಮರುಮದುವಿ ಅಂತ ತೋರಸಾಕತ್ತೈತ್ರಿ.” ಪಾಳಿಯಲ್ಲಿ ನನ್ನ ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನಾನೂ ನಕ್ಕೆ. ಮನೆಗೆ ಬಂದು ಅತ್ತೆಗೆ ಹೇಳುವಾಗ ಮಾತ್ರ ನಗು ಬರಲಿಲ್ಲ. ಸತ್ತವನು ಅವರ ಮಗ. ಅವರು ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ, “ಯಾರ ಜೋಡಿ ಅಂತ ಹೇಳಿದ್ರೇನ?” ಎಂದು ಕೇಳಿದರು. ಹೇಳಿರಲಿಲ್ಲ.

ಇದು 2023ರ ಕೊನೆಯ ಮಾತು. ಅದೇ ದಿನಗಳಲ್ಲಿ ನಮ್ಮ ಮನೆಯ ನಳವೂ ಬಂದ್ ಆಯಿತು. ಎರಡೂ ಬೇರೆ ಬೇರೆ ಕಥೆ, ಬೇರೆ ಬೇರೆ ಕಚೇರಿ. ನನ್ನ ತಲೆಯಲ್ಲಿ ಮಾತ್ರ ಇವತ್ತಿಗೂ ಒಂದೇ ಕಥೆಯಾಗಿ ಕೂತಿವೆ, ಬಿಡಿಸಿ ಹೇಳಲು ಬರುವುದಿಲ್ಲ.

ನಮ್ಮದು ಧಾರವಾಡ. ಮಲಪ್ರಭೆಯ ನೀರು ಸವದತ್ತಿಯಿಂದ ಅಮ್ಮಿನಭಾವಿಗೆ ಬಂದು, ಅಲ್ಲಿ ಶುದ್ಧವಾಗಿ ನಮಗೆ ಬರುತ್ತದೆ. ಬರುತ್ತದೆ ಎಂದರೆ ಎಂಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ. ಹೊರಗಿನವರು ಇದನ್ನು ನಂಬುವುದಿಲ್ಲ. ಬೆಂಗಳೂರಿನ ನನ್ನ ತಂಗಿಯ ಮಕ್ಕಳು ಬಂದರೆ ಮನೆ ತುಂಬ ಬ್ಯಾರಲ್ಲು, ಹಂಡೆ, ಕೊಡ ನೋಡಿ, “ದೊಡ್ಡಮ್ಮ, ಇದೇನು ಅಂಗಡಿನಾ?” ಎನ್ನುತ್ತಾರೆ.

ನನ್ನ ಗಂಡ ಆ ನೀರು ಬಿಡುವ ಕೆಲಸದಲ್ಲಿದ್ದರು. ಗುತ್ತಿಗೆ ಮೇಲೆ ಹದಿನಾಲ್ಕು ವರ್ಷ. ಅವರ ಕಬ್ಬಿಣದ ಚಾವಿ ಎದೆಯೆತ್ತರ ಇತ್ತು, ಮೇಲೆ ಅಡ್ಡ ಹಿಡಿಕೆ. ರಾತ್ರಿ ಎರಡು ಗಂಟೆಗೆ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುವರು. ರಸ್ತೆಯ ನಡುವಿನ ಮುಚ್ಚಳ ಎತ್ತಿ, ಚಾವಿ ಕೆಳಗಿಳಿಸಿ ಎಷ್ಟು ಸುತ್ತು ತಿರುಗಿಸಬೇಕೆಂಬುದು ಪ್ರತಿ ಓಣಿಗೂ ಬೇರೆ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ನಮ್ಮ ಓಣಿಗೆ ಹದಿನೆಂಟು ಸುತ್ತು. ಮೊದಲ ನಾಲ್ಕು ಸುತ್ತು ತಿರುಗಿಸಿ ಒಂದು ಬೀಡಿ ಸೇದುವಷ್ಟು ಹೊತ್ತು ನಿಲ್ಲಬೇಕು, ಆಮೇಲೆ ಉಳಿದದ್ದು. ಯಾಕೆ ನಿಲ್ಲಬೇಕು ಎಂದು ನಾನೊಮ್ಮೆ ಕೇಳಿದ್ದೆ. “ಒಳಗ ಗಾಳಿ ಇರತೈತಿ. ಅದನ್ನ ಸಾವಕಾಶ ಹೊರಗ ಕಳಸಬೇಕು, ಇಲ್ಲಾಂದ್ರ ಪೈಪ್ ಒಡೀತೈತಿ” ಎಂದಿದ್ದರು. ಈ ಗಾಳಿಯ ಮಾತು ಮುಂದೆ ಬರುತ್ತದೆ.

ಅವರಿಗೆ ಸಂಬಳ ಕಡಿಮೆ, ಬೈಗುಳ ಹೆಚ್ಚು. ನೀರು ಒಂದು ದಿನ ತಡವಾದರೆ ಓಣಿಯ ಹೆಂಗಸರು ನಮ್ಮ ಬಾಗಿಲಿಗೇ ಬರುವರು. “ನಿನ್ನ ಗಂಡಗ ನಿದ್ದಿ ಹತ್ತೈತೇನ?” ಎಂದು ನನ್ನನ್ನೂ ಸೇರಿಸಿ ಬೈಯುವರು. ಅವರೇ ದೀಪಾವಳಿಗೆ ಕರ್ಚಿಕಾಯಿ ತಂದುಕೊಡುವರು. ಆಗ ನನಗೆ ಇದೆಂಥ ಬಾಳು ಅನಿಸುತ್ತಿತ್ತು. 2015ರಲ್ಲಿ ಒಂದು ಬೆಳಗಿನ ಜಾವ ವಾಲ್ ತಿರುಗಿಸಿ ಬಂದು, ಎದೆ ಹಿಡಿದಂತಾಗಿದೆ ಎಂದು ಮಲಗಿದವರು ಏಳಲಿಲ್ಲ. ಗುತ್ತಿಗೆಯವರಾದ್ದರಿಂದ ಪಿಂಚಣಿ ಇಲ್ಲ. ಚಾವಿ ಮರಳಿ ಒಯ್ಯಲು ಯಾರೂ ಬರಲಿಲ್ಲ. ಅದು ನಮ್ಮ ಹಿತ್ತಲ ಬಾಗಿಲಿಗೆ ಅಗುಳಿಯಾಯಿತು.

ಮರುವರ್ಷ ವಿಧವಾ ವೇತನ ಸುರುವಾಯಿತು. ಮೊದಲು 500 ರೂಪಾಯಿ, ಆಮೇಲೆ 600, 2021ರಲ್ಲಿ ಹೊಸ ಮುಖ್ಯಮಂತ್ರಿ ಪ್ರಮಾಣವಚನ ತೆಗೆದುಕೊಂಡ ದಿನವೇ 800 ಎಂದು ಹೇಳಿದರು. ಕೇಂದ್ರ ಸರ್ಕಾರ ತನ್ನ ಪಾಲು ಎಂದು ಕೊಡುವುದು 2012ರಿಂದ 300 ರೂಪಾಯಿ, ಅದು ಏರಲೇ ಇಲ್ಲ. ಅಷ್ಟು ವರ್ಷದಲ್ಲಿ ನಾನು ಒಂದು ಜಂಪರ್ ಹೊಲಿಯುವ ದರವನ್ನು ನಾಲ್ಕು ಸಲ ಏರಿಸಿದ್ದೇನೆ, ಗಿರಾಕಿಗಳು ಗೊಣಗುತ್ತಲೇ ಕೊಟ್ಟಿದ್ದಾರೆ.

800 ರೂಪಾಯಿಗೆ ಏನು ಬರುತ್ತದೆ ಎಂದು ಕೇಳುವವರಿದ್ದಾರೆ. ನಮ್ಮ ಮನೆಯಲ್ಲಿ ಅದು ಅತ್ತೆಯ ಬಿ.ಪಿ. ಗುಳಿಗೆ, ಹಾಲು, ಹೊಲಿಗೆಯ ದಾರ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ, ಗೃಹಲಕ್ಷ್ಮಿಯ 2000 ಅವರ ಖಾತೆಗೆ. ಅದು ಬಂದಾಗ ಬರುತ್ತದೆ, ಕೆಲವೊಮ್ಮೆ ಎರಡು ತಿಂಗಳದ್ದು ಒಟ್ಟಿಗೆ. ಕರೆಂಟ್ ಬಿಲ್ಲು ಶೂನ್ಯ. ಸರ್ಕಾರ ಏನೂ ಕೊಟ್ಟಿಲ್ಲ ಎಂದು ನಾನು ಹೇಳಲಾರೆ. ಒಂದು ಕೈ ಕೊಡುವಾಗ ಇನ್ನೊಂದು ಕೈ ನನ್ನ ಹೆಸರಿನ ಮುಂದೆ ಗೀಟು ಹಾಕಿತು ಎನ್ನುವುದಷ್ಟೇ ನನ್ನ ದೂರು.

ಈಗ ನೀರಿನ ಕಥೆ. ನಮ್ಮ ಊರಿಗೆ 24 ಗಂಟೆ ನೀರು ಎಂಬ ಮಾತು ಹಳೆಯದು. ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡುಗಳಲ್ಲಿ 2008ರ ಹೊತ್ತಿಗೆ ಅದನ್ನು ಮಾಡಿ ತೋರಿಸಿದರು, ಖಾಸಗಿ ಕಂಪನಿಯ ಕೈಯಿಂದ. ನನ್ನ ನಾದಿನಿಯ ಮನೆ ಅಂಥ ವಾರ್ಡಿನಲ್ಲಿದೆ. ಹಗಲು ಹನ್ನೆರಡಕ್ಕೆ ನಳ ತಿರುವಿದರೆ ನೀರು! ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಯಾಕೆ ಮುಚ್ಚಿಡಬೇಕು. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಊರಲ್ಲಿ ಮನೆಮನೆ ತಿರುಗಿ 2015ರಲ್ಲಿ ವರದಿ ಪ್ರಕಟಿಸಿದ್ದರಂತೆ: ಸದಾ ನೀರು ಬರುವ ಕಡೆ ಟೈಫಾಯ್ಡ್ ಕಡಿಮೆ, ಮಕ್ಕಳ ಭೇದಿಯಲ್ಲಿ ಮಾತ್ರ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಮ್ಮ ಓಣಿಯ ಕಾಲೇಜು ಮೇಷ್ಟ್ರು ಹೇಳಿದ್ದು. ಆದ್ದರಿಂದ ನಾವು 24 ಗಂಟೆ ನೀರು ಬೇಡ ಎಂದವರಲ್ಲ. ಪತ್ರಿಕೆಯಲ್ಲಿ ಹಾಗೆ ಬಂದಾಗ ಸಿಟ್ಟು ಬರುತ್ತಿತ್ತು.

ಊರಿಗೆಲ್ಲ ಆ ನೀರು ಬರುವ ಮೊದಲೇ, 2022ರಲ್ಲಿ, ನೀರಿನ ಕೆಲಸವೆಲ್ಲ ಒಂದು ಖಾಸಗಿ ಕಂಪನಿಗೆ ಹೋಯಿತು. ಹಳೆಯ ಗುತ್ತಿಗೆ ಕೆಲಸಗಾರರು ಧರಣಿ ಕೂತರು. ನನ್ನ ಗಂಡನ ಜೊತೆ ಕೆಲಸ ಮಾಡಿದವರು ಬಂದು, “ವೈನಿ, ನೀವೂ ಬರ್ರಿ” ಎಂದರು. ನಾನು ಅಗುಳಿ ತೆಗೆದು, ಅದೇ ಚಾವಿ ಹೆಗಲ ಮೇಲೆ ಹೊತ್ತುಕೊಂಡು ಹೋದೆ. ಜುಬಿಲಿ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ತಡೆದು, “ಇದು ಆಯುಧ” ಎಂದ. ಅವನ ಮನೆ ಯಾವ ಓಣಿ ಎಂದು ಕೇಳಿದೆ. ಹೇಳಿದ. “ನಿಮಗ ಇಪ್ಪತ್ತೆರಡು ಸುತ್ತು” ಎಂದೆ. ಬಿಟ್ಟ.

ಧರಣಿಯಲ್ಲಿ ಯಾರೋ ಒಬ್ಬರು ಬೊಲಿವಿಯಾದ ಕೊಚಬಂಬಾ ಎಂಬ ಊರಿನ ಬಗ್ಗೆ ಮಾತನಾಡಿದರು. ಅಲ್ಲಿ ನೀರು ಕಂಪನಿಗೆ ಹೋಗಿ ದರ ಏರಿ, 2000ನೇ ಇಸವಿಯಲ್ಲಿ ಇಡೀ ಊರು ಬೀದಿಗಿಳಿದು, ಕೊನೆಗೆ ಸರ್ಕಾರ ಒಪ್ಪಂದ ಮುರಿಯಿತಂತೆ. ನನ್ನ ಪಕ್ಕ ಕೂತಿದ್ದ ಮುದುಕಿ ಕಿವಿಯಲ್ಲಿ, “ಅದು ಯಾವ ತಾಲೂಕ?” ಎಂದು ಕೇಳಿದಳು. ನಮ್ಮ ಧರಣಿಯಿಂದ ಅಂಥದ್ದೇನೂ ಆಗಲಿಲ್ಲ. ಕೆಲವರು ಕಂಪನಿಯಲ್ಲೇ ಕೆಲಸಕ್ಕೆ ಸೇರಿದರು. ಉಳಿದವರಲ್ಲಿ ಒಬ್ಬರು ಈಗ ಆಟೋ ಓಡಿಸುತ್ತಾರೆ.

ಆಮೇಲೆ ಬಂದದ್ದು ಮೀಟರು, ಅದರ ಹಿಂದೆ ಬಿಲ್ಲು: 7,840 ರೂಪಾಯಿ. ಅದರಲ್ಲಿ ಹಳೆಯ ಬಾಕಿ ಇತ್ತು. ಗಂಡ ಹೋದ ಮೇಲೆ ಎರಡು ವರ್ಷ ನಾವು ನೀರಿನ ರೊಕ್ಕ ಕಟ್ಟಿರಲಿಲ್ಲ, ಸುಳ್ಳು ಹೇಳಿ ಏನಾಗಬೇಕು. ಆದರೆ ಹೊಸ ಲೆಕ್ಕವೂ ವಿಚಿತ್ರವಾಗಿತ್ತು. ಇಬ್ಬರೇ ಹೆಂಗಸರಿರುವ ಮನೆ, ಎಂಟು ದಿನಕ್ಕೊಮ್ಮೆ ನೀರು, ನಮ್ಮಲ್ಲಿರುವ ಬ್ಯಾರಲ್ಲು, ಹಂಡೆ, ಕೊಡ ಎಲ್ಲ ತುಂಬಿದರೂ ಮೀಟರಿನ ಅರ್ಧ ಆಗುವುದಿಲ್ಲ. ನಾನು ಅಳೆದು ನೋಡಿದ್ದೇನೆ, ಟೇಲರಮ್ಮನಿಗೆ ಅಳತೆ ಹೇಳಿಕೊಡಬೇಕೇ?

ಕೇಳಲು ಹೋದರೆ ಒಂದು ಫೋನ್ ನಂಬರ್ ಕೊಟ್ಟರು. ಫೋನಿನಲ್ಲಿ ಒಂದು ಹುಡುಗಿ, ಬಹಳ ಚೆಂದ ಮಾತಾಡುತ್ತಿದ್ದಳು, ದೂರಿನ ನಂಬರ್ ಬರೆದುಕೊಳ್ಳಿ ಎಂದಳು. ಮೂರು ದಿನಕ್ಕೆ ಮೆಸೇಜು ಬಂತು: ನಿಮ್ಮ ದೂರು ಪರಿಹರಿಸಲಾಗಿದೆ. ಯಾರೂ ಬಂದಿರಲಿಲ್ಲ. ಮತ್ತೆ ಫೋನು, ಮತ್ತೊಂದು ನಂಬರು, ಮತ್ತೆ ಪರಿಹಾರ. ಹೀಗೆ ನಾಲ್ಕು ಸಲ ಪರಿಹಾರವಾದ ಮೇಲೆ ಒಂದು ಮಂಗಳವಾರ ನಳ ಕತ್ತರಿಸಲು ಬಂದರು.

ಕತ್ತರಿಸಲು ಬಂದವನು ನನ್ನ ಗಂಡನ ಕೈಕೆಳಗೆ ಚಾವಿ ಹಿಡಿಯಲು ಕಲಿತ ಹುಡುಗ. ನಮ್ಮ ಮನೆಯಲ್ಲಿ ಎಷ್ಟೋ ಸಲ ರೊಟ್ಟಿ ತಿಂದಿದ್ದಾನೆ. ಕಟ್ಟೆಯ ಮೇಲೆ ಕೂತು, “ಅಕ್ಕಾ, ನನ್ನ ಬೈರಿ” ಎಂದ. ನನಗೆ ಬೈಯಲು ಆಗಲಿಲ್ಲ. ಚಹಾ ಮಾಡಿಕೊಟ್ಟೆ. ಕುಡಿದು, ಕೆಲಸ ಮುಗಿಸಿ, ಹೋಗುವಾಗ ಮೀಟರಿನ ಕಡೆ ಕೈ ಮಾಡಿ, “ರಾತ್ರಿ ನಳ ಬಿಚ್ಚಿಟ್ಟ ಮಲಗತೀರೇನ?” ಎಂದು ಕೇಳಿದ. ಹೌದು ಎಂದೆ. ಎಲ್ಲರೂ ಹಾಗೇ ಮಾಡುವುದು. ನಳ ಬಿಚ್ಚಿ ಕೆಳಗೆ ತಗಡಿನ ಬಕೆಟ್ ಇಟ್ಟರೆ ನೀರು ಬಿದ್ದ ಸಪ್ಪಳಕ್ಕೆ ಎಚ್ಚರವಾಗುತ್ತದೆ. “ಹಂಗ ಮಾಡಬ್ಯಾಡ್ರಿ. ಎಂಟ ದಿನ ಖಾಲಿ ಇದ್ದ ಪೈಪಿನ್ಯಾಗ ಮೊದಲ ಗಾಳಿ ಬರತೈತಿ. ಈಗಿನ ಹುಡುಗರು ಒಮ್ಮೆಲೇ ವಾಲ್ ಬಿಡತಾರ. ಆ ಗಾಳಿಗೂ ಮೀಟರ್ ತಿರಗತೈತಿ.”

ನಾನು ಆ ಮಾತನ್ನು ನಂಬಲಿಲ್ಲ. ಮುಂದಿನ ಸಲ ಎದುರು ಮನೆಯ ಮೀಟರಿನ ಮುಂದೆ ಬ್ಯಾಟರಿ ಹಿಡಿದು ಕೂತೆ. ಮೂರು ಗಂಟೆಗೆ ನಳ ಸುಸ್ಸ್ ಎಂದು ಉಸಿರು ಬಿಡತೊಡಗಿತು. ಬಕೆಟ್ಟಿನಲ್ಲಿ ಒಂದು ಹನಿ ಇಲ್ಲ. ಮೀಟರಿನ ಕೆಂಪು ಮುಳ್ಳು ಮಾತ್ರ ಜಾತ್ರೆಯ ಗಿರಗಿಟ್ಲೆಯ ಹಾಗೆ ತಿರುಗುತ್ತಿತ್ತು.

ಈ ನಡುವೆ ನನ್ನ ಮದುವೆಯ ವಿಷಯ. ಮರುಮದುವೆ ಆಗಿಲ್ಲ ಎಂಬುದಕ್ಕೆ ನಾಡಕಚೇರಿಯಿಂದ ದೃಢೀಕರಣ ಪತ್ರ ತರಬೇಕು. ಅದಕ್ಕೆ ಅರ್ಜಿ, ಗಂಡನ ಮರಣ ಪತ್ರ, ಅಕ್ಕಪಕ್ಕದವರ ಪಂಚನಾಮೆ. ಆದ ಮದುವೆಗೆ ಸಾಕ್ಷಿ ಕೇಳುವುದು ಗೊತ್ತು. ಆಗದ ಮದುವೆಗೆ ಸಾಕ್ಷಿ ಎಲ್ಲಿಂದ ತರುವುದು? ಓಣಿಯಲ್ಲಿ ಮನೆಮನೆಗೆ ಹೋಗಿ, “ನಾನು ಮದುವಿ ಆಗಿಲ್ಲ ಅಂತ ಒಂದ ಸಹಿ ಮಾಡ್ರಿ” ಎಂದು ಕೇಳಿದ್ದೇನೆ. ಒಬ್ಬರು ಗಂಡ ಮನೆಯಲ್ಲಿಲ್ಲ, ಕೇಳಿ ಹೇಳುತ್ತೇನೆ ಎಂದರು. ಇನ್ನೊಬ್ಬರು ನಕ್ಕು, ಸಹಿ ಮಾಡಿ, ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಮತ್ತೆ ನಕ್ಕದ್ದು ಕೇಳಿಸಿತು. ನೀರು ಕತ್ತರಿಸಿದ್ದು ಕಷ್ಟವೇ, ಎದುರು ಮನೆಯಿಂದ ಕೊಡ ಹೊತ್ತೆವು, ಸೊಂಟ ಹೋಯಿತು. ಆದರೆ ಆ ನಗುವಿಗೆ ಹೋಲಿಸಿದರೆ ಅದು ಏನೂ ಅಲ್ಲ.

ತಲಾಠಿ ವಿಚಾರಣೆಗೆ ಬಂದ. ಆ ಹುದ್ದೆಗೆ ಈಗ ಬೇರೆ ಹೆಸರಿದೆ, ನಮ್ಮ ಬಾಯಲ್ಲಿ ತಲಾಠಿಯೇ. ಪ್ರಾಯದ ಹುಡುಗ, ಮರ್ಯಾದಸ್ಥ. ಅತ್ತೆಯನ್ನು ಕೇಳಿದ: “ಅಜ್ಜೀ, ನಿಮ್ಮ ಸೊಸಿ ಮರುಮದುವಿ ಆಗ್ಯಾರೇನ್ರಿ?” ಅತ್ತೆ ಎಲೆ-ಅಡಿಕೆ ಉಗುಳಿ ಬಂದು ಕೂತರು. “ಆಗಿದ್ರ ನನ್ನ ಊಟಕ್ಕ ಕರೀತಿದ್ದಿಲ್ಲೇನೋ ತಮ್ಮಾ? ಎಂಟ ವರ್ಷದಾಗ ಈ ಮನ್ಯಾಗ ಹೋಳಗಿ ಆಗಿಲ್ಲ, ಬರಕೋ.” ಅವನು ಅದನ್ನು ಬರೆದುಕೊಳ್ಳಲಿಲ್ಲ. ಆಗಿಲ್ಲ ಎಂದಷ್ಟೇ ಬರೆದ.

ಅವನನ್ನೇ ಕೇಳಿದೆ: ಹಾಗಾದರೆ ಮೊದಲು ಆಗಿದೆ ಎಂದು ಬರೆದವರು ಯಾರು? ಗೊತ್ತಿಲ್ಲ ಎಂದ. ಕಚೇರಿಯಲ್ಲೂ ಗೊತ್ತಿಲ್ಲ ಎಂದರು, ಪರಿಶೀಲನೆಯಲ್ಲಿ ಬಂದದ್ದು, ಮೇಲಿನಿಂದ ಬಂದದ್ದು. ಕಂಪನಿಯ ಹುಡುಗಿಯೂ ಮೀಟರು ತೋರಿಸಿದ್ದನ್ನು ನಾವೇನು ಮಾಡೋಣ ಎಂದಿದ್ದಳು. ಒಂದು ಕಾಲಕ್ಕೆ ಇಡೀ ಓಣಿ ನಮ್ಮ ಬಾಗಿಲಿಗೆ ಬಂದು ನನ್ನ ಗಂಡನನ್ನು ಬೈದು ಹೋಗುತ್ತಿತ್ತು. ನನಗೆ ಬೈಯಲು ಒಂದು ಬಾಗಿಲು ಸಿಗಲಿಲ್ಲ.

ಪಿಂಚಣಿ ನಿಂತವರೆಲ್ಲ ಒಂದು ದಿನ ಡಿ.ಸಿ. ಕಚೇರಿಯ ಮುಂದೆ ಸೇರಿದೆವು. ಜೀವಂತ ಇದ್ದು ಸತ್ತವರು ನಾಲ್ಕೈದು ಜನ ಇದ್ದರು, ಅವರ ಹತ್ತಿರ ತಾವು ಬದುಕಿರುವ ಬಗ್ಗೆ ಅರ್ಜಿಗಳಿದ್ದವು. ಹೆಬ್ಬೆರಳು ಸವೆದು ಯಂತ್ರಕ್ಕೆ ಒಪ್ಪದ ಕೂಲಿ ಹೆಂಗಸರಿದ್ದರು. ಮದುವೆಯಾದವಳು ನಾನೊಬ್ಬಳೇ. “ಲಗ್ನದ ಪೇಡೆ ಎಲ್ಲೆ?” ಎಂದು ಎಲ್ಲರೂ ಕಾಡಿದರು. ಆವತ್ತು ಮೊದಲ ಸಲ ಆ ಮಾತಿಗೆ ಮನಸ್ಸು ಬಿಚ್ಚಿ ನಕ್ಕೆ. ನಿಜಕ್ಕೂ ಹತ್ತು ರೂಪಾಯಿಯ ಪೆಪ್ಪರ್‌ಮಿಂಟು ತಂದು ಹಂಚಿದೆ.

ಒಂಬತ್ತು ತಿಂಗಳಿಗೆ ವೇತನ ಮತ್ತೆ ಸುರುವಾಯಿತು. ನಡುವಿನ ತಿಂಗಳುಗಳದ್ದು ಬರಲಿಲ್ಲ. ನೀರಿನ ಬಾಕಿ ಕಂತಿನಲ್ಲಿ ಕಟ್ಟುತ್ತಿದ್ದೇನೆ, ಗಾಳಿಯದ್ದೂ ಸೇರಿಸಿ. ನಳ ಜೋಡಿಸಿಕೊಟ್ಟಿದ್ದಾರೆ.

ಈಗ ನೀರಿನ ಪಾಳಿಯ ರಾತ್ರಿ ನಾನು ನಳ ಬಿಚ್ಚಿಟ್ಟು ಮಲಗುವುದಿಲ್ಲ. ಗಟ್ಟಿಯಾಗಿ ಮುಚ್ಚಿ, ಕಟ್ಟೆಯ ಮೇಲೆ ಕೂತು, ಪೈಪಿಗೆ ಕಿವಿ ಹಚ್ಚುತ್ತೇನೆ. ಗಾಳಿಯ ಸಪ್ಪಳ ಬೇರೆ, ನೀರಿನದು ಬೇರೆ. ನೀರಿನದು ದಪ್ಪ. ಮೊನ್ನೆ ಮೂರು ಗಂಟೆಗೆ ಪೈಪು ಗೊರಗುಟ್ಟಿದ್ದೇ ಒಳಗಿನಿಂದ ಅತ್ತೆ, “ಬಂತೇನವಾ?” ಎಂದು ಕೇಳಿದರು.

“ಇಲ್ರಿ” ಎಂದೆ. “ಇನ್ನೂ ಗಾಳಿ.”