ಕೊನೆಯ ಮರಕ್ಕೂ ಹನಿ

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಾಕು, ಈ ಸೀಮೆ ಹೇಗೆ ಬದಲಾಗಿದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿ, ಜೋಳ ಬೆಳೆದು ಗಿರಣಿಗಳ ಊರೆನಿಸಿಕೊಂಡಿದ್ದ ದಾವಣಗೆರೆಯ ಸುತ್ತ, ಭದ್ರಾ ನಾಲೆ ಬಂದ ಮೇಲೆ ಭತ್ತ ಬಂತು. ಈಗ ಭತ್ತದ ಗದ್ದೆಗಳ ನಡುವೆ ಅಡಿಕೆ ತಲೆ ಎತ್ತಿದೆ. ಹರಿಹರದಿಂದ ಮಲೇಬೆನ್ನೂರಿನ ದಾರಿ ಹಿಡಿದರೆ, ಮಲೆನಾಡಿನ ಒಂದು ತುಂಡು ಬಯಲುಸೀಮೆಗೆ ಜಾರಿ ಬಂದಿದೆಯೇನೋ ಎನಿಸುತ್ತದೆ.

ಹರಿಹರದ ನೀರಿನ ಕತೆ ಸ್ವಾರಸ್ಯವಾದದ್ದು. 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿಯಲ್ಲಿ ಹರಿ, ಹರ ಇಬ್ಬರೂ ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ. ಊರ ಪಕ್ಕದ ಹೊಳೆಯದೂ ಅದೇ ಬಗೆ: ಕೂಡಲಿಯಲ್ಲಿ ತುಂಗೆಯ ಜೊತೆ ಬೆರೆತ ಭದ್ರೆ ತುಂಗಭದ್ರೆಯಾಗಿ ಇಲ್ಲಿ ಹರಿಯುತ್ತಾಳೆ. ಅದೇ ಭದ್ರೆ ಲಕ್ಕವಳ್ಳಿಯ ಅಣೆಕಟ್ಟಿನಿಂದ ಬಲದಂಡೆ ನಾಲೆಯಾಗಿ ಇನ್ನೊಂದು ದಾರಿಯಲ್ಲಿ ಈ ಹೊಲಗಳಿಗೆ ಬರುತ್ತಾಳೆ. ಅಕ್ಕ ಹೊಳೆಯಲ್ಲಿ, ತಂಗಿ ನಾಲೆಯಲ್ಲಿ ಎನ್ನಿ.

ಆದರೆ ತಂಗಿ ಎಲ್ಲರ ಮನೆಗೂ ಸಮನಾಗಿ ಬರುವುದಿಲ್ಲ. ನಾಲೆಯ ಮೇಲುಭಾಗದವರು ಗದ್ದೆ ತುಂಬಿಸಿಕೊಂಡು ಉಳಿದದ್ದಷ್ಟೇ ಕೊನೆಭಾಗದವರ ಪಾಲಿಗೆ. 2023ರಲ್ಲಿ ಮುಂಗಾರು ಕೈಕೊಟ್ಟು, 186 ಅಡಿಯ ಭದ್ರಾ ಜಲಾಶಯ ತುಂಬಲಿಲ್ಲ. ನಾಲೆ ನೀರಿಗಾಗಿ ದಾವಣಗೆರೆ ಭಾಗದ ರೈತರು ಬೀದಿಗಿಳಿದರು. ಮರುವರ್ಷದ ಬೇಸಿಗೆಯಲ್ಲಿ ಬೋರುಗಳು ಬತ್ತಿ, ಟ್ಯಾಂಕರಿನಲ್ಲಿ ನೀರು ತಂದು ತೋಟ ಉಳಿಸಿಕೊಂಡವರಿದ್ದಾರೆ. ಭತ್ತ ಹೋದರೆ ಒಂದು ಬೆಳೆ ಹೋಯಿತು; ಆರು ವರ್ಷ ಸಾಕಿದ ಅಡಿಕೆ ಮರ ಒಣಗಿದರೆ ಹೋಗುವುದು ಆರು ವರ್ಷ.

ಹಾಗಾಗಿಯೇ ತೋಟದೊಳಗೆ ಕಾಲಿಟ್ಟರೆ ನೆಲದ ಮೇಲೆ ಸಾಲುಸಾಲು ಕರೀ ಪೈಪುಗಳು. ಒಂಬತ್ತು ಅಡಿಗೊಂದರಂತೆ ಎಕರೆಗೆ ಸುಮಾರು 540 ಮರ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂದು ಲೆಕ್ಕ. ಎಂದರೆ ಎಕರೆಗೆ ಒಂಬತ್ತು, ಹತ್ತು ಸಾವಿರ ಲೀಟರ್. ಅಷ್ಟನ್ನೂ ಹೊಣೆ ಹೊತ್ತು ಹಂಚಬೇಕಾದದ್ದು ಹೆಬ್ಬೆರಳಿನಷ್ಟು ದಪ್ಪದ ಈ ಪೈಪು, ಅದಕ್ಕೆ ಚುಚ್ಚಿದ ಗುಂಡಿಯಂಥ ಡ್ರಿಪ್ಪರ್.

ಸರ್ಕಾರದ ಸಹಾಯಧನದಲ್ಲಿ ಪೈಪು ಹಾಸುವುದು ಒಂದೆರಡು ದಿನದ ಕೆಲಸ. ಅದನ್ನು ಹತ್ತು ವರ್ಷ ಕಾಯುವುದು ಬೇರೆಯೇ ವಿದ್ಯೆ. ಎರಡನೇ ಬೇಸಿಗೆಗೇ ಸುರುಳಿ ಸುತ್ತಿ ಮರಕ್ಕೆ ನೇತುಹಾಕಿದ ಪೈಪುಗಳನ್ನು ನೀವೂ ನೋಡಿರುತ್ತೀರಿ.

ಮೊದಲ ವೈರಿ ಬಿಸಿಲು. ಹಗಲು ಕಾದು ಉದ್ದವಾಗುವ ಪೈಪು ರಾತ್ರಿ ತಣಿದು ಕುಗ್ಗುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಜೋಡಣೆ ಕಳಚುತ್ತದೆ. ಗೂಟವೇ ಇಲ್ಲದೆ ಬಿಟ್ಟರೆ ಹಾವಿನಂತೆ ಹೊರಳಿ, ಬುಡಕ್ಕೆ ಬೀಳಬೇಕಾದ ಹನಿ ಎರಡು ಮರಗಳ ನಡುವಿನ ಕಳೆಗೆ ಬೀಳುತ್ತದೆ. ಸ್ವಲ್ಪ ಸಡಿಲ ಬಿಟ್ಟು ಅಲ್ಲಲ್ಲಿ ಗೂಟ ಹೊಡೆಯಬೇಕು, ಕೊನೆಯ ತುದಿಯನ್ನು ಗೂಟಕ್ಕೆ ನಿಲ್ಲಿಸಬೇಕು.

ಎರಡನೆಯದು ಹಲ್ಲು. ಬೇಸಿಗೆಯಲ್ಲಿ ಬಾಯಾರಿದ ಅಳಿಲು, ಇಲಿ ಪೈಪು ಕಚ್ಚುತ್ತವೆ. ತೋಟದ ಮೂಲೆಯಲ್ಲಿ ಮಡಕೆಯ ಬಾಯಿಯಷ್ಟು ಅಗಲದ ನೀರಿಟ್ಟು ಕಾಟ ಕಡಿಮೆ ಮಾಡಿಕೊಳ್ಳಲು ನೋಡುವವರಿದ್ದಾರೆ. ಕಳೆ ತೆಗೆಯುವ ಕುಡುಗೋಲಿಗೂ, ಮೇಲಿಂದ ಬೀಳುವ ಸೋಗೆಗೂ ಪೈಪು ಕಾಣುವುದಿಲ್ಲ. ಕಡಿದ ಜಾಗಕ್ಕೆ ಹಳೆ ಟ್ಯೂಬು ಸುತ್ತುವುದು ಒಂದು ವಾರದ ಸಮಾಧಾನ. ಕೊಯ್ದು ಜಾಯಿನರ್ ಹಾಕಿದರೇ ಅದು ರಿಪೇರಿ.

ಮೂರನೆಯದು ಕಣ್ಣಿಗೆ ಕಾಣದ್ದು. ನಾಲೆ ನೀರಿನಲ್ಲಿ ಮಣ್ಣು, ಪಾಚಿ. ಬೋರಿನ ನೀರಿನಲ್ಲಿ ಸುಣ್ಣ. ಫಿಲ್ಟರ್ ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಲೈನಿನ ಕೊನೆಯ ಮುಚ್ಚಳ ತೆಗೆದು ಬಣ್ಣದ ನೀರು ಹೋಗಿ ತಿಳಿ ನೀರು ಬರುವವರೆಗೆ ಹರಿಯಬಿಡಬೇಕು. ಸುಣ್ಣ ಕಟ್ಟಿದರೆ ಆಮ್ಲ, ಪಾಚಿಗೆ ಬ್ಲೀಚಿಂಗ್ ಪೌಡರ್. ಎರಡನ್ನೂ ಒಟ್ಟಿಗೆ ಬೆರೆಸಿದರೆ ವಿಷಾನಿಲ. ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರಲ್ಲ.

ಜಗತ್ತಿನ ಇನ್ನೊಂದು ತುದಿಯಲ್ಲೂ ಮರದ ಸಾಲಿನಲ್ಲಿ ಇಂಥದೇ ಪೈಪಿದೆ ಎಂದರೆ ಅಚ್ಚರಿಯಾಗಬಹುದು. ಕೆನಡಾದಲ್ಲಿ, ಅಮೆರಿಕದ ಈಶಾನ್ಯ ಭಾಗದಲ್ಲಿ ಚಳಿಗಾಲ ಕಳೆಯುವಾಗ ಮೇಪಲ್ ಮರಗಳಿಗೆ ಕೊರೆದ ರಂಧ್ರದಿಂದ ಸಿಹಿ ರಸ ಪೈಪಿನಲ್ಲಿ ಇಳಿದು ಬರುತ್ತದೆ. ಸುಮಾರು ನಲವತ್ತು ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಪಾಕ. ಅಲ್ಲಿ ಪೈಪು ಮರದಿಂದ ಮರಕ್ಕೆ ಬಿಗಿಯಾಗಿರಬೇಕು, ಇಳಿಜಾರಿರಬೇಕು. ಜೋಲಿ ಬಿದ್ದರೆ ರಸ ನಿಂತು ಕೆಡುತ್ತದೆ. ಅವರದು ಮರದಿಂದ ತೆಗೆಯುವ ಪೈಪು, ನಮ್ಮದು ಮರಕ್ಕೆ ಕೊಡುವ ಪೈಪು. ಅವರಿಗೆ ಬಿಗಿ ಬೇಕು, ನಮಗೆ ಸಡಿಲ. ಅಳಿಲಿನ ಕಾಟ ಮಾತ್ರ ಇಬ್ಬರಿಗೂ ಒಂದೇ. ಸಾಲಿನುದ್ದ ನಡೆದು ನೋಡದೆ ಇಬ್ಬರಿಗೂ ಗತಿಯಿಲ್ಲ.

ಈ ನಡಿಗೆಯೇ ಮುಖ್ಯ. ಮೋಟಾರು ಹಾಕಿ ಮನೆಗೆ ಹೋದವರಿಗೆ ನೀರು ಹೋಯಿತೆಂದು ಗೊತ್ತಾಗುತ್ತದೆ, ಎಲ್ಲಿಗೆ ಹೋಯಿತೆಂದು ಗೊತ್ತಾಗುವುದಿಲ್ಲ. ಕಟ್ಟಿದ ಡ್ರಿಪ್ಪರಿನ ಸುದ್ದಿ ಸೋಗೆ ಹಳದಿಯಾದ ಮೇಲೆ ಬಂದರೆ ತಡವಾಯಿತು. ನಾಲೆಯ ಕೊನೆಭಾಗದ ಕಷ್ಟ ಉಂಡವರ ತೋಟದಲ್ಲೂ ಒಂದು ಕೊನೆಭಾಗವಿರುತ್ತದೆ: ಪ್ರತಿ ಸಾಲಿನ ಕಡೆಯ ಮರ. ಮೇಲಿನವರು ನೀರು ಬಿಡಲಿಲ್ಲವೆಂಬ ನ್ಯಾಯವಾದ ಸಿಟ್ಟು ಮನಸ್ಸಿನಲ್ಲಿರಲಿ. ಆ ಕಡೆಯ ಮರದ ಬುಡ ಒದ್ದೆಯಾಗಿದೆಯೇ ಎಂದು ಕೈಯಿಟ್ಟು ನೋಡುವುದು ಮಾತ್ರ ನಮ್ಮದೇ ಕೆಲಸ.