ಕಿಟಕಿಯಲ್ಲಿಟ್ಟ ದೀಪ

ಡಬ್ಲಿನ್

ಪ್ರೀತಿಯ ಅಕ್ಕ,

ಮೊನ್ನೆ ಫೋನಿನಲ್ಲಿ ನೀನು "ಈ ಸಲ ಓಟಿಗಾದರೂ ಬರ್ತೀಯೇನೇ?" ಅಂದಾಗ ಏನೋ ಹೇಳಿ ಮಾತು ಮರೆಸಿದೆ. ಅವತ್ತಿನಿಂದ ಅದೇ ಕೊರೀತಾ ಇದೆ.

ಭಾನುವಾರ ಸಂಜೆ ಪಕ್ಕದ ಮನೆಯ ಅಜ್ಜಿಯ ಜೊತೆ ಫೀನಿಕ್ಸ್ ಪಾರ್ಕಿಗೆ ಹೋಗಿದ್ದೆ. ಈ ದೇಶದ ಅಧ್ಯಕ್ಷರ ಮನೆ ಇರುವುದು ಅದರೊಳಗೇ. ಅಜ್ಜಿ ಕೈಗವಸು ತೆಗೆದು, ಬೆರಳು ಮಾಡಿ ಒಂದು ಕಿಟಕಿ ತೋರಿಸಿದರು. ಅಲ್ಲೊಂದು ಸಣ್ಣ ದೀಪ. 1990ರಲ್ಲಿ ಮೇರಿ ರಾಬಿನ್ಸನ್ ಅಧ್ಯಕ್ಷೆಯಾದಾಗ, ದೇಶ ಬಿಟ್ಟು ಹೋದವರ ನೆನಪಿಗೆಂದು ತಮ್ಮ ಅಡುಗೆಮನೆಯ ಕಿಟಕಿಯಲ್ಲಿ ಇರಿಸಿದ ದೀಪ ಅದು. ಅಜ್ಜಿಯ ಮೂವರು ಅಣ್ಣಂದಿರು 1950ರ ದಶಕದಲ್ಲಿ ಇಂಗ್ಲೆಂಡಿಗೆ ಕಟ್ಟಡದ ಕೆಲಸಕ್ಕೆ ಹೋದವರು. ಅಮ್ಮನ ಹೆಸರಿಗೆ ಲಕೋಟೆಯಲ್ಲಿ ಬರುತ್ತಿದ್ದ ಅವರ ದುಡ್ಡಿನಲ್ಲೇ ಈ ತಂಗಿ ಓದಿದ್ದು. ಅಣ್ಣಂದಿರು ಮಾತ್ರ ತಿರುಗಿ ಬರಲಿಲ್ಲ.

ಹೀಗೆ ಊರು ಬಿಡುವುದು ಇಲ್ಲಿ ಹೊಸದಲ್ಲ. 1845ರಿಂದ ಕೆಲವು ವರ್ಷ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬರಗಾಲ ಬಂದಾಗ ಇಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಮಂದಿ ಹಡಗು ಹತ್ತಿದರು. ಆ ಕಾಲದಲ್ಲಿ ಅಮೆರಿಕಕ್ಕೆ ಹೊರಟವರಿಗೆ ಹಿಂದಿನ ರಾತ್ರಿ, ಹೆಣದ ಮುಂದೆ ಜಾಗರಣೆ ಕೂತ ಹಾಗೆ, ಊರೆಲ್ಲ ಸೇರಿ ಬೆಳಗಿನವರೆಗೂ ಎಚ್ಚರವಿರುತ್ತಿದ್ದರಂತೆ. ಹೆತ್ತವರು ಇನ್ನು ಆ ಮುಖ ನೋಡುವಂತಿರಲಿಲ್ಲ. ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಾನು ಹೊರಟ ರಾತ್ರಿ ಅಮ್ಮ ಚಕ್ಕುಲಿ ಡಬ್ಬ ಕಟ್ಟುತ್ತಾ ನಿದ್ದೆಗೆಟ್ಟದ್ದು.

ಇಲ್ಲಿನ ಸರ್ಕಾರ ದೇಶ ಬಿಟ್ಟು ಹೋದವರನ್ನು ಮರೆತಿಲ್ಲ. ಹೊರನಾಡಿನ ಐರಿಷ್ ಮೂಲದವರ ಮೇಲಿನ ಮಮತೆಯ ಮಾತು 1998ರ ಉತ್ತರ ಐರ್ಲೆಂಡ್ ಶಾಂತಿ ಒಪ್ಪಂದದ ನಂತರ ಸಂವಿಧಾನದೊಳಗೇ ಬಂತು. ಅಜ್ಜನೋ ಅಜ್ಜಿಯೋ ಇಲ್ಲಿ ಹುಟ್ಟಿದ್ದರೆ ಮೊಮ್ಮಕ್ಕಳಿಗೂ ಪೌರತ್ವ ಸಿಗುತ್ತದೆ. 2014ರಿಂದ ಹೊರನಾಡಿನವರ ವಿಚಾರ ನೋಡಿಕೊಳ್ಳಲು ಒಬ್ಬ ರಾಜ್ಯ ಸಚಿವರೂ ಇದ್ದಾರೆ.

ಆದರೆ ಓಟು ಇಲ್ಲ, ಅಕ್ಕ. ಹದಿನೆಂಟು ತಿಂಗಳೊಳಗೆ ಮರಳುವ ಇರಾದೆ ಇಲ್ಲದಿದ್ದರೆ ಮತದಾರರ ಪಟ್ಟಿಯಲ್ಲಿ ಹೆಸರು ಉಳಿಯುವುದಿಲ್ಲ. 2015ರಲ್ಲಿ, ಮತ್ತೆ 2018ರಲ್ಲಿ ಜನಮತಗಣನೆಗೆಂದು, ಪಟ್ಟಿಯಲ್ಲಿ ಹೆಸರು ಇನ್ನೂ ಉಳಿದಿದ್ದ ಎಷ್ಟೋ ಹುಡುಗ ಹುಡುಗಿಯರು ವಿಮಾನ, ದೋಣಿ ಹಿಡಿದು ಊರಿಗೆ ಬಂದರು. ಇಲ್ಲಿನ ಪದವೀಧರರು ಮಾತ್ರ ಮೇಲ್ಮನೆಯ ಆರು ಸ್ಥಾನಗಳಿಗೆ ಹೊರದೇಶದಿಂದಲೂ ಅಂಚೆಯಲ್ಲಿ ಮತ ಹಾಕಬಹುದು. ಪದವೀಧರರಿಗೆ ಆಗುವುದು ಲಕೋಟೆಯಲ್ಲಿ ದುಡ್ಡು ಕಳಿಸಿದ ಕೂಲಿಯವನಿಗೆ ಯಾಕಾಗಬಾರದು? ಇದೇ ನನಗೆ ತಡೆದುಕೊಳ್ಳಲಾಗದ್ದು. ಐವತ್ತು ಲಕ್ಷಕ್ಕೂ ಮಿಕ್ಕಿದ ಜನರ ನಾಡಿಗೆ, ಹೊರಗಿನವರ ಓಟೇ ಹೆಚ್ಚಾದೀತು ಅನ್ನುವ ಅಳುಕು ಇರುವುದು ಸಹಜ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅಧ್ಯಕ್ಷರನ್ನು ಆರಿಸುವ ಹಕ್ಕನ್ನಾದರೂ ಕೊಡಬೇಕು. ಅದನ್ನೇ 2013ರಲ್ಲಿ, ಸಂವಿಧಾನದ ಬದಲಾವಣೆಗಳನ್ನು ಚರ್ಚಿಸಲು ಇಲ್ಲಿ ಸೇರಿದ್ದ ಸಂವಿಧಾನ ಸಮಾವೇಶ ಶಿಫಾರಸು ಮಾಡಿತ್ತು. ಆ ಬಗ್ಗೆ 2019ಕ್ಕೆಂದು ಹೇಳಿದ್ದ ಜನಮತಗಣನೆ ಮುಂದಕ್ಕೆ ಹೋಗಿ ಇನ್ನೂ ಆಗಿಲ್ಲ.

ನಮ್ಮಲ್ಲಿ 2010ರ ತಿದ್ದುಪಡಿಯಿಂದ ನನ್ನಂಥವರ ಹೆಸರು ಪಟ್ಟಿಯಲ್ಲಿ ಇರಬಹುದು. ಓಟು ಹಾಕಲು ಮಾತ್ರ ನಮ್ಮೂರ ಶಾಲೆಯ ಮತಗಟ್ಟೆಗೇ ಬಂದು ನಿಲ್ಲಬೇಕು. ಬರುತ್ತೇನೆ. ಫಾರಂ 6ಎ ತುಂಬಿದ್ದೇನೆ. ವಿಚಾರಿಸಲು ಮನೆಗೆ ಯಾರಾದರೂ ಬಂದರೆ, ಪಾಸ್‌ಪೋರ್ಟಿನಲ್ಲಿರುವ ವಿಳಾಸ ಈ ಮನೆಯದೇ ಅಂತ ಹೇಳು. ಅಪ್ಪನಿಗೂ ಹೇಳಿಡು.

ನಿನ್ನ ತಂಗಿ