ಹೆಸರು ಬರೆಯದ ಕ್ಯಾಸೆಟ್ಟು

ಕಂಪ್ಲಿಯ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಗೆ ಸಮೀಪವಾಗಿ, ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಿದೆ. ಊರಿನವರಿಗೆಲ್ಲ ಅವರು ಮೇಷ್ಟ್ರು. ವಯಸ್ಸು ಎಂಬತ್ತರ ಹತ್ತಿರಕ್ಕೆ ಬಂದಿದೆ. ಬಲಗಿವಿ ಕೇಳಿಸದಂತಾಗಿ ಕೆಲವು ವರ್ಷಗಳಾದವು. ಎಡಗಿವಿಯೂ ಈಗ ಅದರ ಹಾದಿಯನ್ನೇ ಹಿಡಿದಿದೆ. ಹೊಸಪೇಟೆಯಲ್ಲಿ ಕೊಡಿಸಿದ ಶ್ರವಣಯಂತ್ರದಿಂದ ಜನರ ಮಾತು ತಿಳಿಯುತ್ತದೆ. ಸಂಗೀತ ಮಾತ್ರ ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಕುಲುಕಿದ ಹಾಗೆ ಕೇಳಿಸುತ್ತದೆಂದು ಅವರು ಹೇಳುತ್ತಾರೆ. ಮಾತಿಗೆಂದು ಮಾಡಿದ ಯಂತ್ರಕ್ಕೆ ತಂಬೂರಿಯ ನಾದ ಹೇಗೆ ತಾನೆ ತಿಳಿಯಬೇಕು?

ಅವರ ಮೊಮ್ಮಗ ಹೊಸಪೇಟೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಾನೆ. ಒಂದು ಮಳೆಗಾಲದ ಶನಿವಾರ, ಜಲಾಶಯದ ನೀರು ಬಿಟ್ಟು ಗಂಗಾವತಿಯ ಕಡೆಯ ಸೇತುವೆ ಮುಳುಗಿದ್ದ ದಿನ, ಅವನು ತಾತನ ಮನೆಗೆ ಬಂದಿದ್ದನು. ಊಟವಾದ ಮೇಲೆ ಮೇಷ್ಟ್ರು ಸ್ವಲ್ಪ ಸಂಕೋಚದಿಂದಲೇ ಕೇಳಿದರು:

"ಮಲ್ಲಿಕಾರ್ಜುನ ಮನಸೂರರು ಹಾಡಿದ ತೋಡಿಯೊಂದು ನನ್ನ ಹತ್ತಿರ ಇತ್ತಪ್ಪ. ಈ ಕಿವಿ ಪೂರ್ತಿ ಹೋಗುವುದರೊಳಗೆ ಇನ್ನೊಮ್ಮೆ ಕೇಳಬೇಕು. ನಿನ್ನ ಮೊಬೈಲಿನಲ್ಲಿ ಸಿಗುತ್ತದೆಯೇ ನೋಡು."

"ಎಲ್ಲವೂ ಸಿಗುತ್ತದೆ ತಾತ" ಎಂದನು ಹುಡುಗ.

ಆ ತೋಡಿ ಇದ್ದದ್ದು ಒಂದು ಕ್ಯಾಸೆಟ್ಟಿನಲ್ಲಿ. ಸಂಡೂರಿನ ಗಣಿ ಕಂಪನಿಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯರು ಅದನ್ನು ಪ್ರತಿ ಮಾಡಿ ಕೊಟ್ಟಿದ್ದರು. ಕ್ಯಾಸೆಟ್ಟಿನ ಮೇಲೆ ಏನನ್ನೂ ಬರೆದಿರಲಿಲ್ಲ. ಬರೆಯುವ ಅಗತ್ಯವಾದರೂ ಏನಿತ್ತು? ಮನೆಯಲ್ಲಿದ್ದ ಹತ್ತು ಕ್ಯಾಸೆಟ್ಟುಗಳಲ್ಲಿ ಹೆಸರಿಲ್ಲದ್ದು ಅದೊಂದೇ. ಹೆಸರಿಲ್ಲದಿರುವುದೇ ಅದರ ಗುರುತಾಗಿತ್ತು. ಒಂದು ದಿನ ಯಂತ್ರವು ಒಳಗಿನ ಪಟ್ಟಿಯನ್ನು ಎಳೆದು ಉರುಳೆಗೆ ಸುತ್ತಿಕೊಂಡಿತು. ರಿಪೇರಿಯವನು ಯಂತ್ರವನ್ನು ಉಳಿಸಿದನು. ತೋಡಿಯನ್ನು ಉಳಿಸುವುದು ಅವನ ಕೈಯಲ್ಲಿರಲಿಲ್ಲ.

ಹುಡುಗನು ಹಾಡುಗಳನ್ನು ಮೊಬೈಲಿಗೆ ಇಳಿಸಿಕೊಡುವ ಸೇವೆಯೊಂದನ್ನು ತೆರೆದನು. ಸಿನಿಮಾ ಹಾಡಾದರೆ ಅಲ್ಲಿ ಎರಡು ಪದ ಬರೆಯುವಷ್ಟರಲ್ಲಿ ಮೂರನೆಯದನ್ನು ಅದೇ ಊಹಿಸುತ್ತದೆ. 'ತೋಡಿ' ಎಂದು ಬರೆದೊಡನೆ ನಾಗಸ್ವರವೊಂದು ಮೊಳಗಿತು. ಮೇಷ್ಟ್ರು ಎಡಗಿವಿಯನ್ನು ಹತ್ತಿರ ತಂದು ಕೇಳಿ ನಕ್ಕರು. ಅದು ಕರ್ನಾಟಕ ಸಂಗೀತದ ತೋಡಿ. ಹಿಂದೂಸ್ತಾನಿಯವರು ಅದರ ಸ್ವರಗಳನ್ನು ಭೈರವಿಯ ಸ್ವರಗಳೆನ್ನುತ್ತಾರೆ. ಮನಸೂರರ ತೋಡಿಯ ಸ್ವರಗಳು ಬೇರೆ. ಅವು ಕರ್ನಾಟಕ ಸಂಗೀತದ ಶುಭಪಂತುವರಾಳಿಗೆ ಹೊಂದುತ್ತವೆ. ಒಂದೇ ಹೆಸರಿನ ಇಬ್ಬರು ಒಂದೇ ಬೀದಿಯಲ್ಲಿದ್ದಂತೆ ಇದು. ಅಂಚೆಯವನಿಗೆ ಗೊತ್ತಿರುತ್ತದೆ, ಯಂತ್ರಕ್ಕೆ ಗೊತ್ತಿರುವುದಿಲ್ಲ.

ಮನಸೂರರ ಹೆಸರನ್ನೂ ಸೇರಿಸಿ ಹುಡುಕಿದ್ದಾಯಿತು. ಆ ಹೆಸರನ್ನೇ ಒಬ್ಬೊಬ್ಬರು ಒಂದೊಂದು ಬಗೆಯ ಕಾಗುಣಿತದಲ್ಲಿ ಬರೆದಿದ್ದರು. ಒಂದು ಬಗೆಯಲ್ಲಿ ಹುಡುಕಿದರೆ ಇನ್ನೊಂದು ಬಗೆಯದು ಕಾಣಿಸದು. ತೋಡಿಗಳಾದರೋ ಒಂದೆರಡಲ್ಲ. ಮಿಯಾಕಿ ತೋಡಿ, ಗುರ್ಜರಿ ತೋಡಿ, ಬಿಲಾಸ್‌ಖಾನಿ ತೋಡಿ, ಬಹಾದುರಿ ತೋಡಿ ಎಂದು ಅದು ದೊಡ್ಡ ಮನೆತನ. ಅಪರೂಪದ ರಾಗಗಳನ್ನು ಹಾಡುವುದರಲ್ಲಿ ಮನಸೂರರಿಗೆ ವಿಶೇಷ ಪ್ರೀತಿ. ಸಿಕ್ಕವುಗಳನ್ನೆಲ್ಲ ಹುಡುಗನು ಒಂದೊಂದಾಗಿ ಹಾಕಿದನು. ಪ್ರತಿಯೊಂದಕ್ಕೂ ಮೇಷ್ಟ್ರು ತಲೆದೂಗಿದರು, ಮತ್ತು ಪ್ರತಿ ಬಾರಿಯೂ "ಚೆನ್ನಾಗಿದೆ, ಅದಲ್ಲ" ಎಂದರು.

ಈ ತೊಡಕಿಗೆ ಕಾರಣವು ಅಂಗಡಿಯ ಕಪಾಟಿನಲ್ಲಿದೆ. ಕಣ್ಣಿಗೆ ಕಾಣದ ಅಂಗಡಿಯಾದರೂ ಅದಕ್ಕೊಂದು ಕಪಾಟು ಉಂಟು, ಅದರಲ್ಲಿ ಮುಖ್ಯವಾಗಿ ಮೂರು ಗೂಡುಗಳು: ಹಾಡು, ಆಲ್ಬಮ್, ಗಾಯಕ. ಸಿನಿಮಾ ಹಾಡು ಈ ಮೂರರಲ್ಲಿ ಸುಖವಾಗಿ ಕುಳಿತುಕೊಳ್ಳುತ್ತದೆ. ರಾಗವನ್ನು ಎಲ್ಲಿ ಇಡಬೇಕು? ತಾಳವನ್ನು? ತಬಲಾ, ಹಾರ್ಮೋನಿಯಂ ನುಡಿಸಿದವರನ್ನು? ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಾಡೂ ಇದೇ. ಅಲ್ಲಿ ಕೃತಿ ರಚಿಸಿದವನೊಬ್ಬ, ನುಡಿಸಿದವರು ಹಲವರು, ಅವರನ್ನು ನಡೆಸಿದವನು ಮತ್ತೊಬ್ಬ. ನಾಲ್ಕು ಭಾಗಗಳ ಒಂದು ಸಿಂಫನಿಯನ್ನು ಅಂಗಡಿಯವರು ನಾಲ್ಕು 'ಹಾಡು'ಗಳಾಗಿ ಕತ್ತರಿಸಿ ಇಡುತ್ತಾರೆ. ಜಾಜ್ ಸಂಗೀತವಂತೂ ಗೂಡಿಗೆ ಒಗ್ಗುವುದೇ ಇಲ್ಲ. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಆ ಸಂಗೀತದಲ್ಲಿ ಒಂದೇ ಧಾಟಿಯನ್ನು ಈ ದಿನ ನುಡಿಸಿದಂತೆ ನಾಳೆ ನುಡಿಸುವುದಿಲ್ಲ. ನಮ್ಮ ಮನೋಧರ್ಮ ಸಂಗೀತಕ್ಕೆ ಅದು ಅಷ್ಟರಮಟ್ಟಿಗೆ ನೆಂಟ. ಯಾರು, ಯಾರೊಡನೆ, ಯಾವ ದಿನ ನುಡಿಸಿದರು ಎಂಬುದೇ ಅಲ್ಲಿ ಮುಖ್ಯ. 1959ರಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿತವಾದ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಮೇಲೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸನ ಹೆಸರಿದೆ. ಅದರಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಜಾನ್ ಕೋಲ್ಟ್ರೇನನೂ ಮಹಾ ಕಲಾವಿದನೇ. ಆದರೆ 'ಗಾಯಕ' ಎಂಬ ಗೂಡಿನಲ್ಲಿ ಒಬ್ಬನ ಹೆಸರಿಗಷ್ಟೇ ಜಾಗವಿದ್ದರೆ ಎರಡನೆಯವನನ್ನು ಹುಡುಕಿಕೊಂಡು ಬಂದವನಿಗೆ ಅದು ದೊರೆಯುವುದಿಲ್ಲ.

ಹುಡುಗನಿಗೆ ಜಾಜ್ ಎಂಬ ಹೆಸರು ತಿಳಿದದ್ದು ಈ ಹುಡುಕಾಟದ ನಡುವೆಯೇ. ಮದುವೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡಿದ್ದ ಅವನು ಕದ್ರಿ ಗೋಪಾಲನಾಥರ ಹೆಸರನ್ನು ಹುಡುಕಿದನು. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗನಾದ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತು, ಗಮಕವೇ ಬಾರದೆಂದು ಜನ ಹೇಳುತ್ತಿದ್ದ ಆ ಹಿತ್ತಾಳೆಯ ಕೊಳವೆಯಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನವರೆಗೆ ಅದನ್ನು ಕೊಂಡೊಯ್ದರು. 2019ರಲ್ಲಿ ಅವರು ತೀರಿಕೊಂಡರು. ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪ ಎಂಬ ತರುಣ ಜಾಜ್ ಕಲಿಯುತ್ತಿದ್ದಾಗ, ಅವನ ಅಣ್ಣ ತಮಾಷೆಗೆಂದು ಒಂದು ಆಲ್ಬಮ್ಮನ್ನು ಕೈಗಿತ್ತನಂತೆ. ಅದರ ಹೆಸರು 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್', ನುಡಿಸಿದವರು ಗೋಪಾಲನಾಥರು. ತಮಾಷೆಯು ತಮಾಷೆಯಾಗಿ ಉಳಿಯಲಿಲ್ಲ. ಮುಂದೆ 2008ರಲ್ಲಿ ಅವರಿಬ್ಬರೂ ಕೂಡಿ ನುಡಿಸಿದ ಆಲ್ಬಮ್ ಹೊರಬಂದಿತು. ಅದಕ್ಕೆ ಬಂಧುಗಳು ಎಂಬ ಅರ್ಥ ಬರುವ 'ಕಿನ್ಸ್‌ಮೆನ್' ಎಂದು ಹೆಸರಿಟ್ಟರು. ಇದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಗಾಯಕಿ ಆರ್.ಎ. ರಮಾಮಣಿಯವರೊಡನೆ 'ಜ್ಯೋತಿ' ಎಂಬ ಆಲ್ಬಮ್ ಮಾಡಿದ್ದರು. ಅದೂ ದೊರಕಿತು. ಮೇಷ್ಟ್ರಿಗೆ ಕೇಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡುವವಳು ಗಟ್ಟಿಗಿತ್ತಿ" ಎಂದರು. ಸ್ಯಾಕ್ಸೊಫೋನಿನ ವಿಷಯದಲ್ಲಿ ಅವರು ಯಾವ ಅಭಿಪ್ರಾಯವನ್ನೂ ಕೊಡಲಿಲ್ಲ.

ಹೆಸರಿನ ಈ ಪೇಚಾಟ ಹೊಸದಲ್ಲವೆಂದು ಮೊಮ್ಮಗನಿಗೆ ತಿಳಿಸಿದವರು ಮೇಷ್ಟ್ರೇ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗಾಗಿ ಹಾಡಿದಾಗ, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳಿದಳು. ಅದು ಅಹಂಕಾರವಲ್ಲ. ಆಗ ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರನಿಗೆ ಭಾಷೆಯೂ ತಿಳಿಯದು, ಹಾಡುವವರ ಪರಿಚಯವೂ ಇಲ್ಲ; ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂಬುದು ಆ ಕೂಗಿನಿಂದಲೇ ಅವನಿಗೆ ಗೊತ್ತಾಗಬೇಕಾಗಿತ್ತು. ಮೂರು ನಿಮಿಷ ಚಿಲ್ಲರೆಯ ಆ ತಟ್ಟೆಯಲ್ಲಿ ಹೆಸರಿಗೂ ಒಂದಿಷ್ಟು ಜಾಗ ಬಿಡುವುದು ಅನಿವಾರ್ಯವಾಗಿತ್ತು. ದೇಶವೆಲ್ಲ ಹೆಸರಾದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿಗೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಗಂಗೂಬಾಯಿ ಹಾನಗಲ್ಲರ ಕಥೆ ಇನ್ನೊಂದು ಬಗೆಯದು. 1930ರ ದಶಕದ ಅವರ ಮೊದಲ ತಟ್ಟೆಗಳ ಮೇಲಿದ್ದುದು 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರು. ಇಂದು ಗಂಗೂಬಾಯಿ ಎಂದು ಬರೆದು ಹುಡುಕುವವನ ಮುಂದೆ ಆ ಗಾಂಧಾರಿ ಬಂದು ನಿಲ್ಲಬೇಕಾದರೆ, ಇಬ್ಬರೂ ಒಬ್ಬರೇ ಎಂದು ಬಲ್ಲ ಯಾರಾದರೂ ಅದನ್ನು ಎಲ್ಲಿಯಾದರೂ ಬರೆದಿಟ್ಟಿರಬೇಕು.

ಪುಷ್ಯ ಬಹುಳ ಅಮಾವಾಸ್ಯೆಯ ಸುಮಾರಿಗೆ ಹಂಪೆಯಲ್ಲಿ ಪುರಂದರದಾಸರ ಆರಾಧನೆ ನಡೆಯುತ್ತದೆ. ಆ ವರ್ಷ ಮೇಷ್ಟ್ರು ಮೊಮ್ಮಗನೊಡನೆ ಅಲ್ಲಿಗೆ ಹೋದರು. ಹೊಳೆಯ ದಂಡೆಯ ಪುರಂದರ ಮಂಟಪದ ಬಳಿ ಕುಳಿತು, ಎಡಗಿವಿಯನ್ನು ಹಾಡುವವರ ಕಡೆಗೆ ತಿರುಗಿಸಿ ಕೇಳಿದರು. ಹಿಂದಿರುಗುವಾಗ ವಿಜಯವಿಠ್ಠಲನ ಗುಡಿಗೂ ಹೋದರು. ಬೆರಳಿನಿಂದ ತಟ್ಟಿದರೆ ನಾದ ಹೊಮ್ಮಿಸುವ ಅಲ್ಲಿನ ಕಲ್ಲುಕಂಬಗಳನ್ನು ಈಗ ಯಾರೂ ಮುಟ್ಟುವಂತಿಲ್ಲ. ತಟ್ಟಿ ತಟ್ಟಿ ಅವು ಸವೆಯುತ್ತವೆ. ಆದುದರಿಂದ ನಿಷೇಧ ಸರಿಯಾದದ್ದೇ. ಮೇಷ್ಟ್ರು ಹುಡುಗನಾಗಿದ್ದಾಗ ಅವುಗಳನ್ನು ತಟ್ಟಿ ಕೇಳಿದ್ದರು.

"ಹೇಗಿತ್ತು ತಾತ ಸದ್ದು?"

ಮೇಷ್ಟ್ರು ಗಂಟಲಿನಲ್ಲಿ ಒಂದು ಸ್ವರವನ್ನು ಹಿಡಿಯಲು ನೋಡಿದರು. ಅದು ಬರಲಿಲ್ಲ. ಹುಡುಗನು ಮೊಬೈಲಿನಲ್ಲಿದ್ದ ಹಾಡುಗಳನ್ನು ನೆನೆದನು. ಅಲ್ಲಿಯೂ ಒಂದು ಬಗೆಯ ಬೀಗವಿತ್ತು. ತಿಂಗಳ ಹಣ ಕಟ್ಟುವುದು ನಿಂತರೆ, ಇಳಿಸಿಕೊಂಡ ತೋಡಿಗಳೆಲ್ಲ ಇದ್ದಲ್ಲಿಯೇ ಇದ್ದು ಬಾಯಿ ಮುಚ್ಚಿಕೊಳ್ಳುತ್ತಿದ್ದವು.

ಸಂಡೂರಿಗೆ ಹೋಗಿ ಕೇಳಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಅಂದು. ಕ್ಯಾಸೆಟ್ಟು ಕೊಟ್ಟ ಗೆಳೆಯರು ಈಗಿಲ್ಲ; ಅವರ ಮಗಳು ಅದೇ ಮನೆಯಲ್ಲಿದ್ದಾರೆ. ಮರುವಾರ ತಾತ ಮೊಮ್ಮಕ್ಕಳಿಬ್ಬರೂ ಹೊಸಪೇಟೆಯಿಂದ ಬಸ್ಸು ಹತ್ತಿದರು. ಗುಡ್ಡಗಳ ನಡುವಿನ ಆ ದಾರಿಯಲ್ಲಿ ಅದಿರಿನ ಕೆಂಪು ಧೂಳು ಗಿಡಗಳ ಎಲೆಗಳ ಮೇಲೂ ಕುಳಿತಿತ್ತು.

"ಯಾವ ಕಂಪನಿಯ ಆಲ್ಬಮ್ಮಿನಿಂದ ನಿಮ್ಮ ತಂದೆ ಅದನ್ನು ಪ್ರತಿ ಮಾಡಿದ್ದರು, ನೆನಪಿದೆಯೇನಮ್ಮಾ?" ಎಂದು ಮೇಷ್ಟ್ರು ಕೇಳಿದರು.

ಆಕೆ ನಕ್ಕರು. "ಆಲ್ಬಮ್ ಎಲ್ಲಿಯದು ದೊಡ್ಡಪ್ಪ! ಅಪ್ಪ ಅದನ್ನು ರೇಡಿಯೋದಿಂದ ಹಿಡಿದದ್ದು. ಧಾರವಾಡ ಆಕಾಶವಾಣಿ. ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ನಾವು ಯಾರೂ ಕೆಮ್ಮಬಾರದು ಎಂದು ಹೊರಗೆ ಕಳಿಸುತ್ತಿದ್ದರು."

ಹುಡುಗನು ತಾತನ ಮುಖ ನೋಡಿದನು. ಇಷ್ಟು ತಿಂಗಳು ಹುಡುಕಿದ ಆಲ್ಬಮ್ಮು ಯಾವ ಅಂಗಡಿಯಲ್ಲಿಯೂ ಎಂದೂ ಇರಲೇ ಇಲ್ಲ.

ಆಕೆ ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ತಂದರು. ಮೂಲ ಕ್ಯಾಸೆಟ್ಟು ಅದರಲ್ಲಿತ್ತು. ಅದರ ಮೇಲೂ ಏನನ್ನೂ ಬರೆದಿರಲಿಲ್ಲ. ಯಂತ್ರಕ್ಕೆ ಹಾಕಿ ಒತ್ತಿದಾಗ ಕೇಳಿಸಿದ್ದು ಮನಸೂರರ ಕಂಠವಲ್ಲ. ಒಬ್ಬ ಪುಟ್ಟ ಹುಡುಗಿ ಶಾಲೆಯ ವಾರ್ಷಿಕೋತ್ಸವದ ಪ್ರಾರ್ಥನೆಯನ್ನು ಅಭ್ಯಾಸ ಮಾಡುತ್ತಿದ್ದಳು. ಆಕೆಯ ಮುಖ ಕೆಂಪಾಯಿತು. "ಅಯ್ಯೋ, ಇದು ನಾನೇ. ಖಾಲಿ ಕ್ಯಾಸೆಟ್ಟು ಎಂದುಕೊಂಡು ಇದರ ಮೇಲೆಯೇ ಹಾಡಿಬಿಟ್ಟಿದ್ದೇನೆ. ಅಪ್ಪ ನನ್ನನ್ನು ಬೈಯಲೇ ಇಲ್ಲವಲ್ಲ!"

ಹುಡುಗಿ ಅದೇ ಪ್ರಾರ್ಥನೆಯನ್ನು ನಾಲ್ಕು ಬಾರಿ ಹಾಡಿದಳು. ಎರಡು ಬಾರಿ ತಪ್ಪಿದಳು. ಯಾರೂ ಯಂತ್ರವನ್ನು ನಿಲ್ಲಿಸಲಿಲ್ಲ. ಐದನೆಯ ಬಾರಿ ಆರಂಭಿಸಿದವಳು ನಡುವೆಯೇ ನಿಂತಳು, ಟಕ್ಕೆಂದು ಸದ್ದಾಯಿತು, ಅದರ ಹಿಂದೆಯೇ, ಎಲ್ಲೋ ದೂರದಿಂದ ನಡೆದು ಬಂದು ಬಾಗಿಲು ತೆರೆದವರಂತೆ, ತಾನಿನ ನಡುವಿನಿಂದ ತೋಡಿ ಕೇಳಿಸಿತು.

ಮೇಷ್ಟ್ರು ಶ್ರವಣಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಎಡಗಿವಿಯನ್ನು ಧ್ವನಿಯ ಪೆಟ್ಟಿಗೆಗೆ ಒತ್ತಿ ಹಿಡಿದು, ಬೆರಳಿನಿಂದ ಮೊಣಕಾಲಿನ ಮೇಲೆ ತಾಳ ಹಾಕುತ್ತ ಕುಳಿತರು. ನಾಲ್ಕು ನಿಮಿಷವೂ ಇರಲಿಲ್ಲವೇನೋ. ಹಾಡು ಮುಗಿದು ಉದ್ಘೋಷಕರು ಗಾಯಕರ ಹೆಸರು ಹೇಳಿದರು, ರಾಗದ ಹೆಸರು ಹೇಳಿದರು, "ತಬಲಾದಲ್ಲಿ..." ಎನ್ನುವಷ್ಟರಲ್ಲಿ ಪಟ್ಟಿ ಮುಗಿಯಿತು.

ಹುಡುಗನು ಅಷ್ಟನ್ನೂ, ಪುಟ್ಟ ಹುಡುಗಿಯ ಪ್ರಾರ್ಥನೆಯೂ ಸೇರಿದಂತೆ, ಮೊಬೈಲಿಗೆ ತುಂಬಿಕೊಂಡಿದ್ದನು. ಮೊಬೈಲು ಅವನನ್ನು ಹೆಸರು ಕೇಳಿತು. ಹಾಡು ಎಂಬಲ್ಲಿ 'ತೋಡಿ' ಎಂದೂ, ಗಾಯಕ ಎಂಬಲ್ಲಿ 'ಮಲ್ಲಿಕಾರ್ಜುನ ಮನಸೂರ' ಎಂದೂ ಬರೆದನು. ಸ್ವಲ್ಪ ಯೋಚಿಸಿ, ಅದರ ಪಕ್ಕದಲ್ಲಿಯೇ ಮನೆಯಾಕೆಯ ಹೆಸರನ್ನೂ ಸೇರಿಸಿದನು. ಆಲ್ಬಮ್ ಎಂಬಲ್ಲಿ 'ಸಂಡೂರು, ಧಾರವಾಡ ಆಕಾಶವಾಣಿಯಿಂದ' ಎಂದು ಬರೆದನು.

"ತಬಲಾ ಯಾರದು ತಾತ?" ಎಂದು ಗಟ್ಟಿಯಾಗಿ ಕೇಳಿದನು.

ಮೇಷ್ಟ್ರಿಗೆ ಪ್ರಶ್ನೆ ಕೇಳಿಸಲಿಲ್ಲ. ಅವರು ಪಟ್ಟಿಯನ್ನು ಹಿಂದಕ್ಕೆ ಸುತ್ತುವ ಗುಂಡಿ ಯಾವುದೆಂದು ಬೆರಳಿನಿಂದ ತಡವುತ್ತಿದ್ದರು.